ಇನ್‌ಹೇಲರ್‌ಗೆ ಹಾಕುವ ಸ್ಪೇಸರ್: ಅಡುಗೆಯವನ ಕಣ್ಣಲ್ಲಿ

ತುಮಕೂರಿನ ಮೆಡಿಕಲ್ ಸ್ಟೋರಿನಲ್ಲಿ ತಗೊಂಡೆ, 400 ರೂಪಾಯಿಯೊಳಗೇ ಬಂತು. ಎರಡು ತುಂಡಿನ ಪ್ಲಾಸ್ಟಿಕ್ ಡಬ್ಬ. ಒಂದು ತುದಿಗೆ ಇನ್‌ಹೇಲರ್, ಅಂದರೆ ಉಬ್ಬಸದ ಔಷಧದ ಪಂಪು, ಸಿಕ್ಕಿಸಬೇಕು, ಇನ್ನೊಂದು ತುದಿ ಬಾಯಿಗೆ. ಒಳಗೆ ಏನೂ ಇಲ್ಲ. "ಖಾಲಿ ಡಬ್ಬಕ್ಕೂ ಇಷ್ಟು ದುಡ್ಡಾ?" ಅಂದರು ನಮ್ಮ ಮನೆಯವರು.

ನಾನು ಮದುವೆ, ಮುಂಜಿಗಳಿಗೆ ಅಡುಗೆ ಹಿಡಿಯುವವನು. ಜತೆಗೆ ಉಬ್ಬಸ. ಬಿಸಿಬೇಳೆಬಾತ್ ಪುಡಿಗೆ ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಹುರಿಯುವಾಗ ಏಳುವ ಘಾಟಿಗೆ ಗಟ್ಟಿಮುಟ್ಟಾದವರೇ ಕೆಮ್ಮುತ್ತಾರೆ. ನನಗಾದರೆ ಉಸಿರಿನ ಕೊಳವೆ ಬಿಗಿದುಕೊಂಡು ಎದೆಯಲ್ಲಿ ಕುಯ್ ಅನ್ನಲು ಶುರು. ಕೆಲಸ ಬಿಡು ಅನ್ನುವವರು ಬಹಳ ಜನ. ಬಿಟ್ಟರೆ ಊಟಕ್ಕೆ ಅವರ ಮನೆಗೆ ಹೋಗಲಾ?

ಸ್ಪೇಸರ್ ಬರೆದುಕೊಟ್ಟದ್ದು ಡಾಕ್ಟರಮ್ಮ. "ಭಟ್ರೇ, ಪಂಪನ್ನು ಸೀದಾ ಬಾಯಿಗೆ ಹೊಡೆದುಕೊಂಡರೆ ಅರ್ಧಕ್ಕಿಂತ ಜಾಸ್ತಿ ಔಷಧ ಬಾಯಿ, ಗಂಟಲಿಗೇ ಅಂಟುತ್ತೆ" ಅಂದರು. ಪಂಪಿನಿಂದ ಔಷಧ ಬಹಳ ಜೋರಾಗಿ ಬರುತ್ತದೆ. ಒತ್ತುವುದೂ ಎಳೆಯುವುದೂ ಒಟ್ಟಿಗೇ ಆಗಬೇಕು. ದಮ್ಮು ಕಟ್ಟಿದಾಗ ಆ ತಾಳ ಎಲ್ಲಿ ಕೂಡುತ್ತದೆ? ಈ ಡಬ್ಬದೊಳಗೆ ಔಷಧದ ವೇಗ ಇಳಿಯುತ್ತದೆ, ದಪ್ಪ ಹನಿ ಗೋಡೆಗೆ ಅಂಟುತ್ತದೆ, ಸಣ್ಣ ಮಂಜು ಎದೆಗೆ ಹೋಗುತ್ತದೆ. ಪಂಪನ್ನು ಚೆನ್ನಾಗಿ ಕುಲುಕಿ, ಉಸಿರು ಪೂರ್ತಿ ಬಿಟ್ಟು, ಒಂದೇ ಸಲ ಒತ್ತಿ, ನಿಧಾನವಾಗಿ ಎಳೆದು, 10 ಸೆಕೆಂಡ್ ಹಿಡಿಯಬೇಕು. ಎರಡನೇ ಪಫ್ ಬೇಕಿದ್ದರೆ ಮತ್ತೆ ಮೊದಲಿಂದ. ಎರಡೂ ಒಟ್ಟಿಗೆ ಹೊಡೆದು ಎಳೆಯುವಂತಿಲ್ಲ. ಈಗ ಔಷಧದ ಕಹಿ ನಾಲಿಗೆಗೆ ತಗಲುವುದೇ ಅಪರೂಪ.

ತೊಳೆಯುವ ವಿಷಯ ಮಾತ್ರ ಸ್ವಲ್ಪ ಸೂಕ್ಷ್ಮ. ಉಗುರುಬೆಚ್ಚಗಿನ ಸೋಪು ನೀರಲ್ಲಿ ಅದ್ದಿ ಹಾಗೇ ಆರಲು ಬಿಡಬೇಕು, ಒರೆಸಬಾರದು. ನಮ್ಮ ಜತೆ ಬರುವ ಹುಡುಗ ಲೋಟ ಒರೆಸಿದ ಹಾಗೆ ಟವೆಲ್ಲಿನಿಂದ ತಿಕ್ಕಿ ಫಳಫಳ ಮಾಡಿ ತಂದಿಟ್ಟಿದ್ದ, ಪಾಪ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ವಾ, ಹಾಗೆ ಒರೆಸಿದ ಪ್ಲಾಸ್ಟಿಕ್ಕಿಗೆ ಔಷಧ ಅಂಟಿಕೊಂಡುಬಿಡುತ್ತದೆ. ಮತ್ತೆ ಸೋಪು ನೀರಿಗೆ ಹಾಕಿಸಿದೆ.

ದೂರುಗಳೂ ಇವೆ. ಬಾಯಿಯ ತುದಿಗೆ ಮುಚ್ಚಳ ಕೊಟ್ಟಿಲ್ಲ. ಒಂದು ದಿನ ಚೀಲದಿಂದ ತೆಗೆದು ಕೊಡವಿದರೆ ಒಳಗಿಂದ ಜೀರಿಗೆ ಉದುರಿತು. ಅದನ್ನು ಎಳೆದುಕೊಂಡಿದ್ದರೆ ಗತಿ? ಈಗ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ. ಎರಡು ತುಂಡು ಸೇರುವ ಜಾಗ ಬಳಸುತ್ತಾ ಸಡಿಲವಾಗುತ್ತಿದೆ. ಜೇಬಿಗೆ ಹಿಡಿಸುವುದಿಲ್ಲ. ಜೋರಾಗಿ ಎಳೆದರೆ ಸೀಟಿ ಹೊಡೆದು ಎಚ್ಚರಿಸುವ ಮಾದರಿಗಳೂ ಇವೆಯಂತೆ, ನನ್ನದರಲ್ಲಿ ಅದಿಲ್ಲ. ಹೇಗೆ ಬಳಸಬೇಕು ಎನ್ನುವ ಚೀಟಿಯಲ್ಲಿ ಕನ್ನಡದ ಒಂದು ಸಾಲೂ ಇಲ್ಲ. ಹಳ್ಳಿಯಿಂದ ಬಂದ ಅಜ್ಜಿ ಇದನ್ನು ಓದಿ ಕಲಿಯುವುದು ಹೇಗೆ ಸ್ವಾಮಿ?

ಬೆಳಿಗ್ಗೆ, ರಾತ್ರಿ ತಗೊಳ್ಳುವ ಪಂಪನ್ನೂ ಇದರಲ್ಲೇ ಹಾಕುತ್ತೇನೆ. ಅದರಲ್ಲಿ ಸ್ಟೀರಾಯ್ಡ್ ಇದೆ ಅಂತ ಹೆದರಿ ಬಿಟ್ಟವರು ನಮ್ಮ ಅಡುಗೆಯವರಲ್ಲೇ ಇದ್ದಾರೆ. ಅದು ಮೈಕ್ರೋಗ್ರಾಂ ಲೆಕ್ಕದ್ದು, ಮಾತ್ರೆಯಾದರೆ ಮಿಲಿಗ್ರಾಂ. ಒಳಗಿನ ಊತ ಇಳಿಸುವುದು ಅದೇ. ದಮ್ಮು ಬಂದಾಗ ಹೊಡೆಯುವ ನೀಲಿ ಪಂಪು ಬಿಗಿತ ಸಡಿಲಿಸುತ್ತದೆ ಅಷ್ಟೇ. ಸ್ಪೇಸರ್ ಇದ್ದರೆ ಬಾಯಲ್ಲಿ ಬಿಳಿ ಫಂಗಸ್ ಹಿಡಿಯುವುದೂ ಕಡಿಮೆ. ಆದರೂ ಬಾಯಿ ಮುಕ್ಕಳಿಸಿ ಉಗುಳುವುದನ್ನು ಬಿಡಬೇಡಿ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಕಳೆದದ್ದು ಮುಚ್ಚಳಕ್ಕೆ. ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವವರು ಇದನ್ನು ಕೊಳ್ಳಬೇಡಿ, ಅದಕ್ಕೆ ಇದು ಹೊಂದುವುದಿಲ್ಲ. ಚಿಕ್ಕ ಮಕ್ಕಳಿಗಾದರೆ ಮಾಸ್ಕ್ ಇರುವುದನ್ನೇ ಕೇಳಿ ತಗೊಳ್ಳಿ.