ಮೂರು ದಿನ ಜಿಮ್, ಐದು ದಿನ ಆಸ್ಪತ್ರೆ: ಹಾಸನದವರೇ, ದುಡ್ಡು ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ತಿಂಗಳು ಯೋಚನೆ ಮಾಡಿದೆ. ಮನೆಯವರು ಬೇಡ ಅಂದರು, ಜನ ಆಡಿಕೊಳ್ಳುತ್ತಾರೆ ಅಂತ. ಆಡಿಕೊಳ್ಳಲಿ. ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳು, ಹೆರಿಗೆಯಾಗಿ ಇನ್ನೂ ಆರು ತಿಂಗಳಾಗಿಲ್ಲ, ಅದೇ ಜಿಮ್ ಹೆಸರು ಹೇಳಿ "ಅಕ್ಕ, ಆಫರ್ ಇದೆಯಂತೆ, ಸೇರ್ಕೊಳ್ಳೋಣ ಅಂತಿದೀನಿ" ಅಂದಳು. ಅದನ್ನು ಕೇಳಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಜಿಮ್ ಹೆಸರು ಇಲ್ಲಿ ಬರೆಯಲ್ಲ, ದೂರು ಕೊಟ್ಟಿದ್ದೇನೆ, ಅದು ಅಲ್ಲಿ ತೀರ್ಮಾನ ಆಗಲಿ. ನನಗೆ ಆಗಿದ್ದನ್ನು ಮಾತ್ರ ಹೇಳುತ್ತೇನೆ.

ನನಗೆ 39 ವರ್ಷ, 71 ಕೆಜಿ ತೂಕ. ಕೂತು ಮಾಡುವ ಕೆಲಸ. ಬೆಳಿಗ್ಗೆ ಮಹಾರಾಜ ಪಾರ್ಕ್‌ನಲ್ಲಿ ನಾಲ್ಕು ಸುತ್ತು ನಡೆಯೋದು ಬಿಟ್ಟರೆ ಬೇರೆ ವ್ಯಾಯಾಮ ಗೊತ್ತಿಲ್ಲ. 2025ರ ಜೂನ್‌ನಲ್ಲಿ ನಮ್ಮ ಜಿಲ್ಲೆ ಹೇಗಿತ್ತು ಅಂತ ನಿಮಗೆಲ್ಲ ನೆನಪಿದೆ ಅಲ್ವಾ? ಟಿವಿ ಹಾಕಿದರೆ ಹೃದಯಾಘಾತ, ಫೋನ್ ತೆಗೆದರೆ ಹೃದಯಾಘಾತ. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಅಂತ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ಆಮೇಲೆ ಸರ್ಕಾರದ ಸಮಿತಿ, ಸಾವು ಹಾಗೆಲ್ಲ ಏಕಾಏಕಿ ಹೆಚ್ಚಾಗಿಲ್ಲ ಅಂತ ವರದಿ ಕೊಟ್ಟಿತು, ಆದರೆ ಒಳಗೆ ಕೂತ ಭಯ ವರದಿ ಓದಿದರೆ ಹೋಗುತ್ತಾ? ರಾತ್ರಿ ಎದೆ ಮೇಲೆ ಕೈ ಇಟ್ಟುಕೊಂಡು ಮಲಗುತ್ತಿದ್ದೆ. ಆ ಭಯದಲ್ಲೇ ಜಿಮ್ ಮೆಟ್ಟಿಲು ಹತ್ತಿದ್ದು.

ವಿಚಾರಿಸಿಕೊಂಡು ಬರೋಣ ಅಂತ ಹೋದವಳು ದುಡ್ಡು ಕಟ್ಟಿ ಬಂದೆ. ಅಲ್ಲಿದ್ದ ಟ್ರೈನರ್ ಮೊದಲು ಹೇಳಿದ ಮಾತೇ ಇದು: "ಹಾಸನದ ಪರಿಸ್ಥಿತಿ ನೋಡ್ತಿದೀರಲ್ಲ ಮೇಡಂ, ನಿಮ್ಮ ವಯಸ್ಸಿನವ್ರೇ ಹೋಗ್ತಿರೋದು." ನನ್ನ ಭಯ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ವರ್ಷಕ್ಕೆ 14 ಸಾವಿರ, ಮೂರು ತಿಂಗಳ ಪರ್ಸನಲ್ ಟ್ರೈನಿಂಗ್‌ಗೆ 15 ಸಾವಿರ, ಪ್ರೋಟೀನ್ ಪುಡಿ ಡಬ್ಬಕ್ಕೆ 4,200. ಆಫರ್ ಇವತ್ತು ಸಂಜೆ ತನಕ ಮಾತ್ರ ಅಂದ. ಚೀಟಿ ದುಡ್ಡು ಬಂದಿತ್ತು, ಮಗಳ ಟ್ಯೂಷನ್‌ಗೆ ಅಂತ ಇಟ್ಟಿದ್ದೆ. ಅದನ್ನೇ ಅಲ್ಲೇ ನಿಂತು ಫೋನ್‌ಪೇ ಮಾಡಿದೆ. ಮನೆಯವರಿಗೆ ಹೇಳಿದ್ದು ಆರು ಸಾವಿರ ಅಂತ. ಇದನ್ನು ಬರೆಯೋಕೂ ನಾಚಿಕೆ ಆಗುತ್ತೆ.

ನನಗೆ ಏನಾದರೂ ಕಾಯಿಲೆ ಇದೆಯಾ, ಯಾವ ಮಾತ್ರೆ ತಗೋತೀನಿ, ಒಂದು ಮಾತು ಕೇಳಲಿಲ್ಲ. ನಾನು ನಾಲ್ಕು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೋತಿದ್ದೇನೆ. ಒಂದು ಫಾರ್ಮ್ ಕೊಟ್ಟ, ಸಣ್ಣ ಅಕ್ಷರದಲ್ಲಿ ಏನೇನೋ ಇತ್ತು, ಗೀಟು ಹಾಕಿದ ಕಡೆ ಸಹಿ ಮಾಡಿ ಅಂದ, ಮಾಡಿದೆ. ಸಂಜೆ ವಾಟ್ಸಾಪ್‌ನಲ್ಲಿ ಡಯೆಟ್ ಚಾರ್ಟ್ ಬಂತು. "ನಿಮಗೋಸ್ಕರ ಕೂತು ಮಾಡಿದೀನಿ ಮೇಡಂ" ಅಂತ ವಾಯ್ಸ್ ಮೆಸೇಜ್ ಬೇರೆ. ಮುದ್ದೆ ಇಲ್ಲ, ಅನ್ನ ಇಲ್ಲ, ಅಕ್ಕಿ ರೊಟ್ಟಿ ಇಲ್ಲ, ಉಪ್ಪು ಇಲ್ಲ. ಬೆಳಿಗ್ಗೆ ಸಕ್ಕರೆ ಇಲ್ಲದ ಕಪ್ಪು ಕಾಫಿ, ಮಧ್ಯಾಹ್ನ ಮೊಟ್ಟೆಯ ಬಿಳಿ ಭಾಗ ಮತ್ತು ಸೌತೆಕಾಯಿ, ರಾತ್ರಿ ಪುಡಿ ಕಲಸಿದ ನೀರು. "ಮುದ್ದೆ ವಿಷ ಮೇಡಂ" ಅಂದ. ಹುಟ್ಟಿದಾಗಿನಿಂದ ತಿಂದಿರೋದನ್ನು ವಿಷ ಅಂದ, ನಾನು ತಲೆ ಆಡಿಸಿದೆ.

ಮೊದಲ ದಿನ ನೂರು ಬಸ್ಕಿ. ಇಪ್ಪತ್ತರಂತೆ ಐದು ಸಲ. ಅದಾದ ಮೇಲೆ ಕೈಯಲ್ಲಿ ತೂಕ ಹಿಡಿದು ಹಾಲ್ ಸುತ್ತ ಮಂಡಿ ಬಗ್ಗಿಸಿ ನಡೆಯೋದು, ಆಮೇಲೆ ಜಿಗಿಯೋದು. ಅರವತ್ತು ದಾಟಿದಾಗಲೇ ತೊಡೆ ನಡುಗುತ್ತಿತ್ತು. ಸಾಕು ಸರ್ ಅಂದೆ. "ಸಾಕು ಅನ್ನೋರು ಮನೇಲೇ ಇರ್ತಾರೆ" ಅಂತ ಎಲ್ಲರೂ ಕೇಳೋ ಹಾಗೆ ಅಂದ. ಪಕ್ಕದಲ್ಲಿದ್ದ ಕಾಲೇಜು ಹುಡುಗರು ತಿರುಗಿ ನೋಡಿದರು. ಆ ಅವಮಾನಕ್ಕೇ ಉಳಿದದ್ದನ್ನೂ ಮಾಡಿದೆ. ಇಳಿಯುವಾಗ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ.

ಎರಡನೇ ದಿನ ಕೈ, ಭುಜ. ಮೂರನೇ ದಿನ ಬೆಳಿಗ್ಗೆ ಎದ್ದರೆ ಕೈ ತಲೆ ತನಕ ಏಳಲ್ಲ. ಮಗಳೇ ನನ್ನ ತಲೆ ಬಾಚಿದಳು. ಕಮೋಡ್‌ನಿಂದ ಏಳೋಕಾಗದೆ ಗಂಡನನ್ನು ಕೂಗಬೇಕಾಯಿತು. ತೊಡೆ ಊದಿ ಕಲ್ಲಿನ ಹಾಗಾಗಿತ್ತು. ಟ್ರೈನರ್‌ಗೆ ಮೆಸೇಜ್ ಹಾಕಿದೆ, ತುಂಬಾ ನೋವಿದೆ, ಇವತ್ತು ಬರಲ್ಲ ಅಂತ. ಬಂದ ಉತ್ತರ ಇನ್ನೂ ನನ್ನ ಫೋನ್‌ನಲ್ಲಿದೆ: "ನೋವು ಬಂದ್ರೆ ವರ್ಕ್ ಆಗ್ತಿದೆ ಅಂತ ಅರ್ಥ ಮೇಡಂ. ಒಂದು ಪೇನ್ ಕಿಲ್ಲರ್ ತಗೊಂಡು ಬನ್ನಿ. ನೋವಿದ್ದಾಗಲೇ ಮತ್ತೆ ಮಾಡ್ಬೇಕು, ಆಗ ಹೋಗುತ್ತೆ." ಮಾತ್ರೆ ನುಂಗಿ ಹೋದೆ. ಮತ್ತೆ ಬಸ್ಕಿ ಹಾಕಿಸಿದ.

ಅವತ್ತು ಸಂಜೆ ಮೂತ್ರದ ಬಣ್ಣ ನೋಡಿ ಜೀವ ಹೋದ ಹಾಗಾಯಿತು. ಕಾಫಿ ಡಿಕಾಕ್ಷನ್ ಇರುತ್ತಲ್ಲ, ಹಾಲು ಹಾಕುವ ಮುಂಚೆ, ಥೇಟ್ ಅದೇ ಬಣ್ಣ. ಅದರ ಫೋಟೋ ಕಳಿಸೋಕೆ ಆಗುತ್ತಾ, ಅದಕ್ಕೇ ಫೋನ್ ಮಾಡಿ ಸಂಕೋಚ ಬಿಟ್ಟು ಹೇಳಿದೆ. "ಬಾಡಿಯಲ್ಲಿರೋ ಕೆಟ್ಟದ್ದೆಲ್ಲ ಹೊರಗೆ ಹೋಗ್ತಿದೆ ಮೇಡಂ, ಒಳ್ಳೇದೇ" ಅಂದ. ಒಳ್ಳೇದೇ ಅಂದ! ಇದೊಂದು ಮಾತನ್ನು ನಾನು ಮರೆಯಲ್ಲ. ಅವನ ಮಾತು ಕೇಳಿ ಬೆಳಿಗ್ಗೆ ನೋಡೋಣ ಅಂತ ಮಲಗಿದ್ದರೆ ಏನಾಗುತ್ತಿತ್ತೋ. ನನ್ನ ಅತ್ತೆ, ಓದು ಬರಹ ಇಲ್ಲದವರು, "ಇದು ಸರಿ ಇಲ್ಲ ಕಣಮ್ಮ, ಈಗಲೇ ಹೊರಡಿ" ಅಂತ ಗಲಾಟೆ ಮಾಡಿ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ರಕ್ತ ಪರೀಕ್ಷೆ ಮಾಡಿದರು. ಸಿಕೆ ಅಂತ ಒಂದು ಅಂಶ, ಸಾಮಾನ್ಯವಾಗಿ ಇನ್ನೂರರ ಆಸುಪಾಸಿನ ಒಳಗಿರಬೇಕಂತೆ. ನನಗೆ 38 ಸಾವಿರ ದಾಟಿತ್ತು. ಕಾಯಿಲೆ ಹೆಸರು ರ‍್ಯಾಬ್ಡೋಮಯೋಲೈಸಿಸ್. ಅಭ್ಯಾಸ ಇಲ್ಲದ ದೇಹಕ್ಕೆ ಒಮ್ಮೆಲೇ ವಿಪರೀತ ಕೆಲಸ ಕೊಟ್ಟರೆ ಸ್ನಾಯು ಒಡೆದು, ಅದರೊಳಗಿನದೆಲ್ಲ ರಕ್ತಕ್ಕೆ ಸೇರುತ್ತೆ, ಅದನ್ನು ಸೋಸಲು ಹೋಗಿ ಕಿಡ್ನಿ ಹಾಳಾಗಬಹುದು, ಆ ಕಪ್ಪು ಬಣ್ಣ ಸ್ನಾಯುವಿನದೇ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಅವರು ಮೊದಲು ಕೇಳಿದ್ದೇ, ಥೈರಾಯ್ಡ್ ಇದೆಯಾ, ಕೊಲೆಸ್ಟ್ರಾಲ್ ಮಾತ್ರೆ ತಗೋತೀರಾ ಅಂತ. ಇವೆರಡರಲ್ಲಿ ಯಾವುದಿದ್ದರೂ ಅಪಾಯ ಜಾಸ್ತಿಯಂತೆ. ಪೇನ್ ಕಿಲ್ಲರ್ ನುಂಗಿದ್ದು ಕಿಡ್ನಿಗೆ ಇನ್ನೂ ಕೆಟ್ಟದ್ದು ಅಂದರು. ಜಿಮ್‌ನಲ್ಲಿ ಕೇಳಬೇಕಿದ್ದ ಪ್ರಶ್ನೆ ನನಗೆ ಡ್ರಿಪ್ ಹಾಕಿದ ಮೇಲೆ ಕೇಳಿಸಿತು. ಐದು ದಿನ ಬಾಟಲಿ ಮೇಲೆ ಬಾಟಲಿ ಏರಿಸಿದರು. ಡಯಾಲಿಸಿಸ್ ತನಕ ಹೋಗಲಿಲ್ಲ, ಅದು ನಮ್ಮ ಪುಣ್ಯ.

ಎರಡನೇ ದಿನ ರೌಂಡ್ಸ್‌ಗೆ ಬಂದಾಗ ಡಾಕ್ಟರ್ ಏನು ತಿನ್ನುತ್ತಿದ್ದಿರಿ ಅಂತ ಕೇಳಿದರು. ಫೋನ್ ತೆಗೆದು ಡಯೆಟ್ ಚಾರ್ಟ್ ತೋರಿಸಿದೆ. ಅವರು ಬೆರಳಲ್ಲಿ ದೊಡ್ಡದು ಮಾಡಿ ನೋಡಿ, "ಇದು ನಿಮ್ದಾ?" ಅಂದರು. ಹೌದು ಸರ್. ಅವರು ಫೋನ್ ತಿರುಗಿಸಿ ಮೇಲಿನ ಮೂಲೆ ತೋರಿಸಿದರು. ಸಣ್ಣದಾಗಿ ಇತ್ತು: ಪುರುಷ, 24 ವರ್ಷ, 92 ಕೆಜಿ. ನನಗೋಸ್ಕರ ಕೂತು ಮಾಡಿದ ಚಾರ್ಟ್. ನಾನು ಅದನ್ನು ಪ್ರಿಂಟ್ ತೆಗೆಸಿ ಫ್ರಿಜ್ ಮೇಲೆ ಅಂಟಿಸಿದ್ದೆ, ದಿನಾ ನೋಡುತ್ತಿದ್ದೆ, ಆ ಮೂಲೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಡಾಕ್ಟರ್ ಏನೂ ಬೈಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನೂ ಏನೂ ಅನ್ನಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆ.

ಡಿಸ್ಚಾರ್ಜ್ ಆದ ಮೇಲೆ ಮನೆಯವರು ಬಿಲ್ ಹಿಡಿದುಕೊಂಡು ಜಿಮ್‌ಗೆ ಹೋದರು. ಟ್ರೈನರ್ ಕಾಣಿಸಲೇ ಇಲ್ಲ. ಮಾಲೀಕರು ಹೇಳಿದ್ದು: "ಇಷ್ಟು ಜನ ಬರ್ತಾರೆ ಸರ್, ಯಾರಿಗೂ ಹೀಗಾಗಿಲ್ಲ. ನಿಮ್ಮ ಮಿಸೆಸ್ ಬಾಡಿನೇ ವೀಕ್." ಮೊದಲು ನೋವು ಬಂದರೆ ಒಳ್ಳೇದು ಅಂದವರು, ಆಸ್ಪತ್ರೆಗೆ ಸೇರಿದ ಮೇಲೆ ದೇಹವೇ ಸರಿ ಇಲ್ಲ ಅಂದರು. ಥೈರಾಯ್ಡ್ ವಿಷಯ ನಾನೇ ಮುಚ್ಚಿಟ್ಟೆನಂತೆ. ದುಡ್ಡು ಕೇಳಿದರೆ ರಸೀದಿ ತಿರುಗಿಸಿ ತೋರಿಸಿದರು, "ಕಟ್ಟಿದ ಹಣ ವಾಪಸ್ ಇಲ್ಲ". ಬೇಕಾದರೆ ನಿಮ್ಮ ಮಗಳ ಹೆಸರಿಗೆ ವರ್ಗಾಯಿಸಿ ಕೊಡ್ತೀವಿ ಅಂದರಂತೆ. ನನ್ನ ಮಗಳಿಗೆ ಹದಿಮೂರು ವರ್ಷ! ನಾನು ಟ್ರೈನರ್‌ಗೆ ಹಾಕಿದ ಮೆಸೇಜ್‌ಗಳಿಗೆ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ, ಮೂರನೇ ದಿನ ಬ್ಲಾಕ್.

ಪುಡಿ ಡಬ್ಬ ತಿರುಗಿಸಿ ನೋಡಿದೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಅಂತ 14 ಅಂಕಿಯ ಸಂಖ್ಯೆ ಇರಬೇಕಲ್ಲ, ಇಲ್ಲ. ಬಿಲ್ಲೂ ಕೊಟ್ಟಿರಲಿಲ್ಲ. ಅದನ್ನು ನಾನು ಮೂರು ದಿನ ಕುಡಿದಿದ್ದೇನೆ.

ಜಿಮ್ ಎಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಮ್ಮ ತಮ್ಮನೇ ಬೇರೆ ಕಡೆ ಎರಡು ವರ್ಷದಿಂದ ಹೋಗ್ತಾನೆ, ಅವನಿಗೆ ಮೊದಲ ತಿಂಗಳು ಭಾರವನ್ನೇ ಎತ್ತಿಸಿರಲಿಲ್ಲ. ನಿಮ್ಮ ಕಾಯಿಲೆ, ಮಾತ್ರೆ ಕೇಳದೆ ದುಡ್ಡು ಕೇಳುವ ಕಡೆ ನಿಲ್ಲಲೇಬೇಡಿ. ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ, ತಿಂಗಳಿನದು ಕಟ್ಟಿ. ಹೊಸದಾಗಿ ಶುರು ಮಾಡಿದರೆ ಮೈಕೈ ನೋವು ಬರುತ್ತೆ, ಎರಡು ಮೂರು ದಿನಕ್ಕೆ ಇಳಿಯುತ್ತೆ, ಅದು ಸಹಜ. ಊತ ಬಂದು, ಮೂತ್ರ ಕಪ್ಪಾದರೆ ಅದು ಸಹಜ ಅಲ್ಲ, ಯಾರ ಮಾತೂ ಕೇಳದೆ ರಾತ್ರಿಯಾದರೂ ಸರಿ ಆಸ್ಪತ್ರೆಗೆ ಓಡಿ. ದೂರು ಕೊಡೋದಾದರೆ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಐದು ಲಕ್ಷದ ಒಳಗಿನ ವ್ಯವಹಾರವಾದರೆ ಶುಲ್ಕ ಇಲ್ಲ. ಮೆಸೇಜ್, ವಾಯ್ಸ್ ಯಾವುದನ್ನೂ ಅಳಿಸಬೇಡಿ. ನಾನು ಸಿಟ್ಟಿನಲ್ಲಿ ಮೊದಲೆರಡು ಅಳಿಸಿಬಿಟ್ಟೆ, ಈಗ ಕೈ ಹಿಸುಕಿಕೊಳ್ಳುತ್ತಿದ್ದೇನೆ.

ಮೊನ್ನೆಯಿಂದ ಮತ್ತೆ ಮಹಾರಾಜ ಪಾರ್ಕ್‌ಗೆ ಹೋಗ್ತಿದ್ದೇನೆ. ಎರಡು ಸುತ್ತು ಆಗುತ್ತೆ, ಮೂರನೆಯದಕ್ಕೆ ಇನ್ನೂ ತೊಡೆ ಹಿಡಿದುಕೊಳ್ಳುತ್ತೆ. ಆ ಹುಡುಗಿಗೆ ನನ್ನ ರಿಪೋರ್ಟ್‌ಗಳನ್ನೆಲ್ಲ ತೋರಿಸಿದೆ. ಅವಳು ಆಗಲೇ ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟಿದ್ದಾಳೆ. ವಾಪಸ್ ಕೇಳೋಕೆ ನಾಳೆ ಅವಳ ಜೊತೆ ನಾನೇ ಹೋಗ್ತಿದ್ದೇನೆ.