ಹುಡುಗನ ಜಾತಕವಿದೆ, ಮನೆತನದ ವಿಚಾರವಿಲ್ಲ: ಒಂದು ಡ್ರಾಫ್ಟ್ ಕೈಪಿಡಿಯ ವಿಮರ್ಶೆ

ಶಿಕಾಗೊದ ಪಶ್ಚಿಮದ ಉಪನಗರವೊಂದರಲ್ಲಿ ಹದಿನೈದು ವರ್ಷ ಕಳೆದವರಿಗೆ, ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಬೇರ್ಸ್‌ಗೆ ಯಾರು ಕ್ವಾರ್ಟರ್‌ಬ್ಯಾಕ್ ಆಗಬೇಕೆಂಬ ಚರ್ಚೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. 2024ರ ಮಾರ್ಚ್‌ನಲ್ಲಿ ಆ ಚರ್ಚೆ ಕಚೇರಿಯನ್ನು ದಾಟಿ ನಮ್ಮ ಮನೆಯ ಊಟದ ಮೇಜಿಗೂ ಬಂದಾಗ, ಇಪ್ಪತ್ತೈದು ಡಾಲರ್ ತೆತ್ತು ಒಂದು ಡ್ರಾಫ್ಟ್ ಕೈಪಿಡಿಯನ್ನು ಕೊಂಡೆ. ಕಾಲೇಜು ಆಟಗಾರರ ವಿಡಿಯೊಗಳನ್ನು ನೋಡಿ, ಅವರ ಅಳತೆಗಳನ್ನು ಕಲೆಹಾಕಿ, ಒಬ್ಬೊಬ್ಬರಿಗೂ ಅಂಕ ಕೊಟ್ಟು ಪಿಡಿಎಫ್ ರೂಪದಲ್ಲಿ ಮಾರುವ ಇಂಥ ಕೈಪಿಡಿಗಳು ಪ್ರತಿ ವಸಂತದಲ್ಲೂ ಹಲವಾರು ಬರುತ್ತವೆ. ಈ ವರ್ಷದ ಆವೃತ್ತಿಯನ್ನೂ ಕೊಳ್ಳಬೇಕೆಂದು ಪ್ರಕಾಶಕರ ಇಮೇಲ್ ಬಂದದ್ದರಿಂದ, ಎರಡು ಋತುಗಳ ಆಟ ಕಣ್ಣಮುಂದೆ ನಡೆದ ಮೇಲೆ, ಹಳೆಯ ಕೈಪಿಡಿಯನ್ನು ಮತ್ತೆ ತೆರೆದು ಓದಿದೆ.

ಈ ಆಟದ ಪರಿಚಯವಿಲ್ಲದವರಿಗೆ ಒಂದು ಮಾತು. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ಕಾಲೇಜು ಆಟಗಾರರ ಆಯ್ಕೆ, ಐಪಿಎಲ್ ಹರಾಜಿನಂತಲ್ಲ. ಅಲ್ಲಿ ಯಾರೂ ಹಣ ಕೂಗುವುದಿಲ್ಲ. 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುತ್ತವೆ, ಹಿಂದಿನ ಋತುವಿನಲ್ಲಿ ತೀರಾ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಸರದಿ ಸಿಗುತ್ತದೆ, ಸರದಿಗಳನ್ನು ತಂಡಗಳು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಲೂಬಹುದು. ಚೆಂಡನ್ನು ಕೈಗೆ ತೆಗೆದುಕೊಂಡು, ಎದುರಾಳಿಗಳು ಮೈಮೇಲೆ ಬೀಳುವ ಮೊದಲು ಎರಡು ಮೂರು ಸೆಕೆಂಡಿನೊಳಗೆ ಅದನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸುವ ಕ್ವಾರ್ಟರ್‌ಬ್ಯಾಕ್‌ನ ಆಯ್ಕೆ ತಪ್ಪಿದರೆ, ತಂಡ ನಾಲ್ಕೈದು ವರ್ಷ ಚೇತರಿಸಿಕೊಳ್ಳುವುದಿಲ್ಲ.

ಇದು ಶಿಕಾಗೊದವರಿಗೆ ಚೆನ್ನಾಗಿ ಗೊತ್ತು. 2017ರಲ್ಲಿ ಬೇರ್ಸ್ ಮೂರನೆಯ ಸರದಿಯಿಂದ ಎರಡನೆಯದಕ್ಕೆ ಏರಲು ಹೆಚ್ಚುವರಿಯಾಗಿ ಮೂರು ಆಯ್ಕೆಗಳನ್ನು ಬಿಟ್ಟುಕೊಟ್ಟು, ನಾರ್ತ್ ಕ್ಯಾರೊಲಿನಾ ಕಾಲೇಜಿನಲ್ಲಿ ಕೇವಲ 13 ಪಂದ್ಯಗಳಲ್ಲಿ ಆರಂಭಿಕನಾಗಿದ್ದ, ಅಂದರೆ ಪಂದ್ಯದ ಮೊದಲಿನಿಂದಲೇ ಕಣಕ್ಕಿಳಿದಿದ್ದ ಮಿಚೆಲ್ ಟ್ರುಬಿಸ್ಕಿಯವರನ್ನು ಆರಿಸಿತು. ಅದೇ ಸಂಜೆ ಹತ್ತನೆಯ ಸರದಿಯಲ್ಲಿ ಕ್ಯಾನ್ಸಸ್ ಸಿಟಿ ಆರಿಸಿದ್ದು, ಮುಂದೆ ಲೀಗಿನ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಒಬ್ಬರಾದ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು. ಆ ಗಾಯ ಇನ್ನೂ ಮಾಗಿಲ್ಲ. ಒಂದೇ ಋತುವಿನಲ್ಲಿ ಪಾಸ್‌ಗಳಿಂದ, ಅಂದರೆ ಎಸೆತಗಳಿಂದ, 4,000 ಗಜ ಗಳಿಸಿದ ಒಬ್ಬ ಕ್ವಾರ್ಟರ್‌ಬ್ಯಾಕ್ ಕೂಡ ಬೇರ್ಸ್ ಇತಿಹಾಸದಲ್ಲಿ ಈವರೆಗೆ ಇಲ್ಲ ಎಂಬುದನ್ನು ಇದರ ಜೊತೆಗೆ ಇಟ್ಟು ನೋಡಿದರೆ, 2024ರಲ್ಲಿ ಮೊದಲ ಸರದಿಯೇ ಕೈಗೆ ಬಂದಾಗ ಊರಿಗೆ ಊರೇ ಏಕೆ ತಜ್ಞರ ಸಭೆಯಾಗಿತ್ತು ಎಂಬುದು ಅರ್ಥವಾದೀತು.

ಆ ವರ್ಷ ಮೊದಲ 12 ಆಯ್ಕೆಗಳಲ್ಲಿ ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳೇ ಇದ್ದರು: ಕೇಲಬ್ ವಿಲಿಯಮ್ಸ್, ಜೇಡನ್ ಡೇನಿಯಲ್ಸ್, ಡ್ರೇಕ್ ಮೇ, ಮೈಕೆಲ್ ಪೆನಿಕ್ಸ್, ಜೆ.ಜೆ. ಮೆಕಾರ್ಥಿ, ಬೋ ನಿಕ್ಸ್. ಕೈಪಿಡಿ ಇವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕು ಪುಟ ಮೀಸಲಿಟ್ಟಿದೆ, ಮತ್ತು ಆ ಪುಟಗಳೇ ಅದರ ನಿಜವಾದ ಬೆಲೆ. ಮೆಕಾರ್ಥಿಯವರ ಪುಟವನ್ನೇ ನೋಡಿ. ಮೈದಾನವನ್ನು ಒಂಬತ್ತು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೆ ಎಷ್ಟು ಎಸೆತ ಹೋಯಿತು, ಎಷ್ಟು ಕೈ ಸೇರಿತು ಎಂಬುದನ್ನು ಬಣ್ಣದಲ್ಲಿ ತೋರಿಸಿದ್ದಾರೆ. ಮೈದಾನದ ಮಧ್ಯಭಾಗದ ಚೌಕ ಕಡುಹಸಿರು, ದೂರದ ಎಡಮೂಲೆ ಬಹುತೇಕ ಖಾಲಿ. ಅದರ ಕೆಳಗೆ, ಮಿಷಿಗನ್ ತಂಡ 2023ರಲ್ಲಿ ಪೆನ್ ಸ್ಟೇಟ್ ವಿರುದ್ಧ ಗೆದ್ದ ಪಂದ್ಯದಲ್ಲಿ ಮೆಕಾರ್ಥಿ ಎಸೆದದ್ದು ಎಂಟೇ ಪಾಸ್ ಎಂಬ ಟಿಪ್ಪಣಿ. ಆರಂಭಿಕನಾಗಿ 27 ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತ ಹುಡುಗನ ಬಗ್ಗೆ, ಗೆಲುವು ಅವನದೋ ತಂಡದ್ದೋ ಎಂಬ ಸಂಶಯವನ್ನು ಇಷ್ಟು ಸರಳವಾಗಿ ಮುಂದಿಟ್ಟ ಬರಹವನ್ನು ನಾನು ಬೇರೆಲ್ಲೂ ಓದಿರಲಿಲ್ಲ. ಪೆನಿಕ್ಸ್ ಅವರ ಎಡಗೈ ಎಸೆತದ ಬಗ್ಗೆ, ಅವರ ಮೊಣಕಾಲಿಗಾದ ಎರಡು ಶಸ್ತ್ರಚಿಕಿತ್ಸೆಗಳ ಬಗ್ಗೆ ಬರೆದಿರುವುದೂ ಅಷ್ಟೇ ಸಮತೂಕದ್ದು.

ಅಂಕಗಳ ವಿಷಯಕ್ಕೆ ಬಂದರೆ ಈ ಸಮತೂಕ ಕಾಣುವುದಿಲ್ಲ. ನೂರಕ್ಕೆ 91.4, 90.8 ಎಂದು ದಶಮಾಂಶದವರೆಗೂ ಇಳಿದು ಹುಡುಗರನ್ನು ತೂಗುವುದು ಚಿನ್ನದಂಗಡಿಯ ತಕ್ಕಡಿಗೆ ಒಪ್ಪುವ ಕೆಲಸ. ಅಂಗೈ ಅಳತೆಗಂತೂ ಅರ್ಧ ಪುಟ ವ್ಯಯವಾಗಿದೆ. ಒಂಬತ್ತೇ ಅಂಗುಲದ ಅಂಗೈಯ ಕ್ವಾರ್ಟರ್‌ಬ್ಯಾಕ್ ಜೋ ಬರೋ ತಮ್ಮ ಎರಡನೆಯ ಋತುವಿನಲ್ಲೇ ಸಿನ್ಸಿನಾಟಿ ತಂಡವನ್ನು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಕರೆದೊಯ್ದದ್ದನ್ನು ನೋಡಿದ ಮೇಲೂ ಈ ಮೋಹ ಬಿಟ್ಟಿಲ್ಲವೆಂದರೆ ಆಶ್ಚರ್ಯವೇ ಸರಿ.

ಆದರೆ ನನ್ನ ಮುಖ್ಯ ಆಕ್ಷೇಪ ಬೇರೆ. ಇಡೀ ಕೈಪಿಡಿ ಹುಡುಗನ ಜಾತಕವನ್ನು ಬಿಡಿಸಿ ಬಿಡಿಸಿ ಓದುತ್ತದೆ, ಅವನು ಸೇರಲಿರುವ ಮನೆ ಎಂಥದೆಂದು ಒಮ್ಮೆಯೂ ವಿಚಾರಿಸುವುದಿಲ್ಲ. ಪುಸ್ತಕವನ್ನು ನನಗಿಂತ ಮೊದಲೇ ಓದಿ ಮುಗಿಸಿದ್ದ ಮಗ ಅಂದೇ ಹೇಳಿದ್ದ: "ಅಪ್ಪಾ, ಇದರಲ್ಲಿ ಎಲ್ಲಾ ಇದೆ, ನಮ್ಮ ಲೈನ್ ಬಗ್ಗೆ ಮಾತ್ರ ಏನೂ ಇಲ್ಲ." ಲೈನ್ ಎಂದರೆ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಗೋಡೆಯಂತೆ ನಿಲ್ಲಬೇಕಾದ ಐವರು. ಕೈಪಿಡಿ ಮೊದಲ ಸ್ಥಾನ ಕೊಟ್ಟಿದ್ದ ವಿಲಿಯಮ್ಸ್ ಅವರನ್ನೇ ಬೇರ್ಸ್ ಆರಿಸಿತು. ಮೊದಲ ಋತುವಿನಲ್ಲಿ ಅವರು 68 ಸಲ ಚೆಂಡಿನೊಂದಿಗೇ ನೆಲಕ್ಕುರುಳಿದರು, ತಂಡ 17ರಲ್ಲಿ 12 ಪಂದ್ಯ ಸೋತಿತು, ನಡುವಿನಲ್ಲೇ ಮುಖ್ಯ ತರಬೇತುದಾರರ ಕೆಲಸ ಹೋಯಿತು. ಮರುವರ್ಷ ಬೆನ್ ಜಾನ್ಸನ್ ತರಬೇತುದಾರರಾಗಿ ಬಂದರು, ಲೈನ್ ಬದಲಾಯಿತು, ಅದೇ ವಿಲಿಯಮ್ಸ್ ಇದ್ದ ತಂಡ ನಾಲ್ಕು ತಂಡಗಳ ತನ್ನ ವಿಭಾಗದಲ್ಲಿ ಮೊದಲ ಸ್ಥಾನವನ್ನೇ ಗೆದ್ದಿತು. ಈ ನಡುವೆ ಕೈಪಿಡಿ ಅವರಿಗೆ ಕೊಟ್ಟಿದ್ದ 91.4 ಎಂಬ ಅಂಕವೇನೂ ಬದಲಾಗಿರಲಿಲ್ಲ.

ಇದು ಶಿಕಾಗೊ ಒಂದರ ಕಥೆಯೂ ಅಲ್ಲ. ಮೆಕಾರ್ಥಿಯವರನ್ನು ಆರಿಸಿದ ಮಿನ್ನೆಸೋಟ ತಂಡ, ಅವರ ಮೊಣಕಾಲಿಗೆ ಪೆಟ್ಟಾದಾಗ ಸ್ಯಾಮ್ ಡಾರ್ನಾಲ್ಡ್ ಅವರನ್ನು ಆಡಿಸಿ 14 ಪಂದ್ಯ ಗೆದ್ದಿತು. 2018ರಲ್ಲಿ ಮೂರನೆಯ ಆಯ್ಕೆಯಾಗಿ ನ್ಯೂಯಾರ್ಕ್ ಜೆಟ್ಸ್ ಸೇರಿ, ಮೂರೇ ವರ್ಷಕ್ಕೆ ಕೈಬಿಡಲ್ಪಟ್ಟ ಡಾರ್ನಾಲ್ಡ್ ಇವರೇ. ಮಹೋಮ್ಸ್ ಕೂಡ ಮೊದಲ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕುಳಿತು, ಆಂಡಿ ರೀಡ್ ಬಳಿ ಕಲಿತವರು. ಅಂದು ಅವರೇ ಶಿಕಾಗೊಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ನಮ್ಮೂರಿನ ಅಭಿಮಾನಿಗಳನ್ನು ಕೇಳಬಾರದು. ಕೇಳಿದರೆ ಊಟ ತಣ್ಣಗಾಗುತ್ತದೆ.

ಡ್ರೇಕ್ ಮೇ ಅವರ ವಿಷಯದಲ್ಲಿ ಕೈಪಿಡಿಗೆ ಒಂದಿಷ್ಟು ಶಹಭಾಸ್ ಹೇಳಲೇಬೇಕು. ಅವರೂ ಟ್ರುಬಿಸ್ಕಿಯವರ ಕಾಲೇಜಿನವರೇ ಆದದ್ದರಿಂದ ಇಲ್ಲಿ ಅವರ ಹೆಸರೆತ್ತಿದರೆ ಜನ ಬೆಚ್ಚುತ್ತಿದ್ದರು. ಕೈಪಿಡಿ ಆ ಭಯಕ್ಕೆ ಸೊಪ್ಪು ಹಾಕದೆ, ಅವರ ಪಾದಗಳ ಚಲನೆಯನ್ನು ತಿದ್ದಬಲ್ಲ ತರಬೇತಿ ಸಿಕ್ಕರೆ ಆರು ಮಂದಿಯಲ್ಲಿ ಅತಿ ಎತ್ತರಕ್ಕೆ ಬೆಳೆಯಬಲ್ಲವರು ಇವರೇ ಎಂದಿತ್ತು. ಅವರನ್ನು ಆರಿಸಿದ ನ್ಯೂ ಇಂಗ್ಲೆಂಡ್ ತಂಡ ಮೊದಲ ವರ್ಷ ನಾಲ್ಕು, ಎರಡನೆಯ ವರ್ಷ ಹದಿನಾಲ್ಕು ಪಂದ್ಯ ಗೆದ್ದಿತು. ಆ "ಸಿಕ್ಕರೆ" ಎಂಬ ಪದವನ್ನೇ ಹಿಡಿದು ಇನ್ನೆರಡು ಪುಟ ಬರೆದಿದ್ದರೆ ನನ್ನ ದೂರು ಅರ್ಧಕ್ಕರ್ಧ ಇಲ್ಲವಾಗುತ್ತಿತ್ತು.

ಸೇವೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಫೋನಿನಲ್ಲಿ ಕೋಷ್ಟಕಗಳ ಬಲ ಅಂಚು ಕತ್ತರಿಸಿಹೋಗುತ್ತದೆ. ಡ್ರಾಫ್ಟಿನ ಹಿಂದಿನ ದಿನ ಬರಬೇಕಿದ್ದ ಪರಿಷ್ಕೃತ ಪ್ರತಿ ಮೊದಲ ಸುತ್ತು ಮುಗಿದ ಮೇಲೆ ಬಂದಿತು; ಬರೆದು ಕೇಳಿದ್ದಕ್ಕೆ ಕ್ಷಮೆ ಕೋರಿ ಐದು ಡಾಲರ್ ಹಿಂದಿರುಗಿಸಿದರು.

ಡ್ರಾಫ್ಟ್ ಮುಗಿದ ಮರುವಾರ ಈ ಕೈಪಿಡಿಯ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಯಾವ ಹುಡುಗ ಯಾವ ತಂಡಕ್ಕೆ ಹೋದ, ಅಲ್ಲಿ ಕಲಿಸುವವರು ಯಾರು, ಮುಂದೆ ನಿಲ್ಲುವ ಐವರು ಯಾರು ಎಂಬುದೆಲ್ಲ ತಿಳಿದ ಮೇಲೆ ಆ ನಾಲ್ಕು ಪುಟಗಳನ್ನು ಓದಿದರೆ ಅವು ಇಮ್ಮಡಿ ಉಪಯೋಗಕ್ಕೆ ಬರುವುದರಿಂದ, ಈ ಸಲದ ಆವೃತ್ತಿಯನ್ನು ಮೇ ತಿಂಗಳಲ್ಲಿ ಕೊಳ್ಳುತ್ತೇನೆ.