ಪೆಂಡಲ್ ಬೆಟ್ಟಕ್ಕೆ ಯಾವ ನಕ್ಷೆ? ಓಎಲ್ 41 ಹಾಳೆಯ ವಿಮರ್ಶೆ

ಮಕ್ಕಳ ಮನೆಗೆಂದು ಮ್ಯಾಂಚೆಸ್ಟರ್ ಕಡೆ ಹೋಗುವ ಬೆಂಗಳೂರಿನ ಚಾರಣಿಗರು ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಪೆಂಡಲ್ ಬೆಟ್ಟವನ್ನು ಒಂದೇ ದಿನದಲ್ಲಿ ಹತ್ತಿ ಬರಬಹುದು. ಎತ್ತರ 557 ಮೀಟರ್ ಅಷ್ಟೆ. ಮಲ್ಲೇಶ್ವರದ ಜಗಲಿಯಲ್ಲಿ ಕೂತವರು ಸಮುದ್ರಮಟ್ಟದ ಲೆಕ್ಕದಲ್ಲಿ ಅದರ ನೆತ್ತಿಗಿಂತಲೂ ಮೇಲಿರುತ್ತಾರೆ. ಹಾಗಂತ ಅಸಡ್ಡೆ ಬೇಡ. ಬೆಟ್ಟದ ತಲೆ ಚಪ್ಪಟೆ, ಮೇಲೆಲ್ಲ ನೀರು ಹಿಡಿದ ಪೀಟ್ ಮಣ್ಣು, ಮಂಜು ಕವಿದರೆ ದಿಕ್ಕೇ ತಿಳಿಯುವುದಿಲ್ಲ. ಸಾವನದುರ್ಗದ ಬಂಡೆಯ ಮೇಲಿನಂತೆ ಬಿಳಿ ಬಾಣ ನೋಡಿಕೊಂಡು ನಡೆಯುತ್ತೇವೆ ಅಂದರೆ ಆಗದು.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನನ್ಸ್ ಸರ್ವೆಯವರ ಎರಡು ಹಾಳೆಗಳಲ್ಲಿ ಪೆಂಡಲ್ ಸಿಗುತ್ತದೆ: 1:50,000 ಅಳತೆಯ ಲ್ಯಾಂಡ್‌ರೇಂಜರ್ 103 ಮತ್ತು 1:25,000 ಅಳತೆಯ ಎಕ್ಸ್‌ಪ್ಲೋರರ್ ಓಎಲ್ 41. ಎರಡನೆಯದನ್ನೇ ಕೊಳ್ಳಿ. ಕಾರಣ ಒಂದೇ, ಗೋಡೆಗಳು. ಹೊಲಗಳ ನಡುವಿನ ಕಲ್ಲಿನ ಗೋಡೆ, ಬೇಲಿಗಳನ್ನು ಎಕ್ಸ್‌ಪ್ಲೋರರ್ ಸಣ್ಣ ಕಪ್ಪು ಗೆರೆಯಲ್ಲಿ ತೋರಿಸುತ್ತದೆ, ಲ್ಯಾಂಡ್‌ರೇಂಜರ್ ತೋರಿಸುವುದಿಲ್ಲ. ಬೆಟ್ಟದ ಬುಡದ ಬಾರ್ಲಿ ಹಳ್ಳಿಯಿಂದ ಹೊರಟವರು ಮೊದಲು ದಾಟಬೇಕಾದದ್ದು ಹೊಲಗಳನ್ನೇ. ಗೋಡೆಯ ಯಾವ ಬದಿಗೆ ನಡೆಯಬೇಕು ಅನ್ನುವುದು ಈ ಗೆರೆಯಿಂದಲೇ ಗೊತ್ತಾಗಬೇಕು.

ನಕ್ಷೆಯಲ್ಲಿ 4 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಗಿಡ್ಡ ಹಸಿರು ತುಂಡುಗೆರೆ ಸಾರ್ವಜನಿಕ ಕಾಲುದಾರಿ, ಉದ್ದ ತುಂಡುಗೆರೆ ಕುದುರೆಗೂ ಹಕ್ಕಿರುವ ದಾರಿ. ಹೊಸಬರು ಎಡವುವುದು ಇಲ್ಲೇ. ಹಸಿರು ಗೆರೆ ಹೇಳುವುದು ನಡೆಯುವ ಹಕ್ಕನ್ನು ಮಾತ್ರ. ನೆಲದಲ್ಲಿ ದಾರಿ ಸವೆದಿರಬೇಕೆಂದೇನೂ ಇಲ್ಲ. ಕಣ್ಣಿಗೆ ಕಾಣುವ ಜಾಡು ಕಪ್ಪು ತುಂಡುಗೆರೆಯಲ್ಲಿರುತ್ತದೆ. ಗ್ರಾಮದ ಎಲ್ಲೆಯ ಚುಕ್ಕೆಸಾಲನ್ನು ದಾರಿ ಅಂದುಕೊಂಡು ಹೊರಟರೆ ನೇರ ಕೆಸರಿಗೆ.

ಬಾರ್ಲಿಯಿಂದ ಸುತ್ತು ಹಾಕಿ ಬಂದರೆ ಸುಮಾರು 8 ಕಿ.ಮೀ. ಬೆಟ್ಟದ ಶಿಖರದ ತುದಿಯಾದ ಬಿಗ್ ಎಂಡ್ ಕಡೆಯ ಕಲ್ಲು ಮೆಟ್ಟಿಲು ಕಡಿದು. ಅಲ್ಲಿ ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ) ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಅದನ್ನು ಹತ್ತಲು ಇಟ್ಟುಕೊಂಡು, ಇಳಿಯುವಾಗ ದಕ್ಷಿಣಕ್ಕೆ ಬೋರ್ ಕ್ಲಫ್ ಎಂಬ ಕಣಿವೆ, ಆಮೇಲೆ ಆಗ್ಡನ್ ಜಲಾಶಯಗಳ ಬದಿಯಿಂದ ಬಂದರೆ ಮಂಡಿಗೆ ಒಳ್ಳೆಯದು.

ಹೆಸರುಗಳನ್ನು ಹುಡುಕುವುದು ಈ ಹಾಳೆಯ ಇನ್ನೊಂದು ಸುಖ. ಸಬ್ಡೆನ್ ಬದಿಯ ಏಪ್ರನ್‌ಫುಲ್ ಗುಡ್ಡದ ಮೇಲೆ ಸೈತಾನ ಮಡಿಲು ತುಂಬ ಕಲ್ಲು ಹೊತ್ತು ನಿಂತು ಕ್ಲಿದರೋ ಕೋಟೆಗೆ ಎಸೆದನಂತೆ, ಕೋಟೆ ಗೋಡೆಯ ತೂತು ಅದರಿಂದಲೇ ಆದದ್ದಂತೆ. ಕ್ವೇಕರ್ ಪಂಥದ ಜಾರ್ಜ್ ಫಾಕ್ಸ್ 1652ರಲ್ಲಿ ಬೆಟ್ಟ ಹತ್ತಿ ದರ್ಶನ ಪಡೆದು, ಇಳಿಯುವಾಗ ಒಂದು ಚಿಲುಮೆಯ ನೀರು ಕುಡಿದ ಅನ್ನುತ್ತಾರೆ. ಅದಕ್ಕೆ ಫಾಕ್ಸ್‌ನ ಬಾವಿ ಅಂತಲೂ ರಾಬಿನ್ ಹುಡ್‌ನ ಬಾವಿ ಅಂತಲೂ ಹೆಸರಿದೆ. ಬೆಟ್ಟದ ಎತ್ತರವನ್ನೇ ಉಪಕರಣ ಮಾಡಿಕೊಂಡವರೂ ಇದ್ದಾರೆ: 1661ರಲ್ಲಿ ರಿಚರ್ಡ್ ಟೌನ್ಲಿ, ಹೆನ್ರಿ ಪವರ್ ಪಾದರಸದ ನಳಿಗೆ ಹೊತ್ತು ಹತ್ತಿ ಗಾಳಿಯ ಒತ್ತಡ ಅಳೆದರು. ಒತ್ತಡ ಹೆಚ್ಚಿದಷ್ಟೂ ಗಾಳಿಯ ಗಾತ್ರ ಕುಗ್ಗುತ್ತದೆ ಅನ್ನುವ ಬಾಯ್ಲ್ ನಿಯಮಕ್ಕೆ ಹಾದಿ ಮಾಡಿಕೊಟ್ಟ ಕೆಲಸ ಅದು.

ಆದರೆ ಪೆಂಡಲ್ ಅಂದರೆ ಜನಕ್ಕೆ ನೆನಪಾಗುವುದು 1612ರ ಮಾಟಗಾತಿಯರ ವಿಚಾರಣೆ. ಆರೋಪ ಹೊತ್ತ 12 ಮಂದಿಯಲ್ಲಿ 10 ಮಂದಿಯನ್ನು ಗಲ್ಲಿಗೇರಿಸಿದರು, ಒಬ್ಬಳು ಜೈಲಿನಲ್ಲೇ ಸತ್ತಳು. ಅವರು ಸೇರುತ್ತಿದ್ದರೆನ್ನುವ ಮಾಲ್ಕಿನ್ ಟವರ್ ಎಂಬ ಮನೆ ಎಲ್ಲಿತ್ತೆಂಬುದೇ ಖಚಿತವಿಲ್ಲ. ಆ ಕಥೆಗಾಗಿ ನಕ್ಷೆ ಕೊಂಡರೆ ನಿರಾಸೆ ಖಂಡಿತ.

ದೂರುಗಳೂ ಇವೆ. ಹಾಳೆ ದೊಡ್ಡದು, ಬೆಟ್ಟದ ಗಾಳಿಗೆ ಬಿಚ್ಚಿದರೆ ಪಟಪಟ ಹೊಡೆದುಕೊಂಡು ಮಡಿಕೆಯಲ್ಲೇ ಹರಿಯುತ್ತದೆ. ಬಾರ್ಲಿ ಮತ್ತು ಶಿಖರ ಹೊರಮುಖಕ್ಕೆ ಬರುವಂತೆ ಮನೆಯಲ್ಲೇ ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ. ನೀರು ತಾಗದ ಆಕ್ಟಿವ್ ಆವೃತ್ತಿಯೂ ಸಿಗುತ್ತದೆ, ಆದರೆ ದಪ್ಪ, ದುಬಾರಿ. ಒಂದು ದಿನದ ನಡಿಗೆಗೆ ಅದು ದಂಡ. ಇಲ್ಲಿಗೆ ತರಿಸಿಕೊಂಡರೆ ಅಂಚೆ ಖರ್ಚು ಬೇರೆ, ಅಲ್ಲಿನ ಪುಸ್ತಕದಂಗಡಿಯಲ್ಲೇ ಕೊಳ್ಳಿ.

ಕಂಪಾಸನ್ನೂ ಅಲ್ಲೇ ಕೊಳ್ಳುವುದು ವಾಸಿ. ಭೂಮಿಯ ಕಾಂತಕ್ಷೇತ್ರ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಅಡ್ಡಡ್ಡ, ಇಂಗ್ಲೆಂಡಿನಲ್ಲಿ ಕಡಿದಾಗಿ ಕೆಳಮುಖ. ನಮ್ಮ ಕಡೆಗೆಂದು ಸಮತೂಕ ಮಾಡಿದ ಮುಳ್ಳು ಅಲ್ಲಿ ಒಂದು ತುದಿ ಬಾಗಿ ಡಬ್ಬಿಯ ತಳ ಕೆರೆಯುತ್ತದೆ.

ಹಾಳೆಯ ಜೊತೆ ಬರುವ ಕೋಡ್ ಹಾಕಿದರೆ ಅದೇ ನಕ್ಷೆ ಫೋನಿಗೂ ಬರುತ್ತದೆ. ಬಾರ್ಲಿ ತಲುಪಿದ ಮೇಲೆ ಇಳಿಸಿಕೊಳ್ಳೋಣ ಅಂತ ಬಿಡದೆ, ಮನೆಯ ವೈಫೈನಲ್ಲೇ ಮುಗಿಸಿ.